ಉತ್ತರ ಸಿಕ್ಕ ಪ್ರಾರ್ಥನೆ

ಅಣ್ಣಿಗೇರಿ
೨೨ ಮೇ ೨೦೨೪

ಪ್ರಿಯ ಸಲೋಮಿ,

ನಿನಗೂ ಮಿತ್ರಣ್ಣನಿಗೂ ಕರ್ತನ ಹೆಸರಿನಲ್ಲಿ ವಂದನೆ.

ಫೋನು ಮಾಡಿ ಮಾಡಿ ಸಾಕಾಯಿತು. ಮೊದಮೊದಲು ರಿಂಗಾದರೂ ಆಗುತ್ತಿತ್ತು, ಈಗ ಅದೂ ಇಲ್ಲ. ರಜೆಗೆ ಬಂದ ಕಿರಿಮಗಳು ಫೋನು ಇಸಿದುಕೊಂಡು ನೋಡಿ, "ಅವ್ವಾ, ಸಲೋಮಿ ಮೌಶಿ ನಿನ್ನ ಬ್ಲಾಕ್ ಮಾಡ್ಯಾಳ" ಅಂದಳು. ಹಾಸ್ಟೆಲಿನಲ್ಲಿ ಇಬ್ಬರ ಬಟ್ಟೆಯನ್ನೂ ಒಂದೇ ಟ್ರಂಕಿನಲ್ಲಿಟ್ಟುಕೊಂಡು ಬೆಳೆದವರು ನಾವು. ಅದಕ್ಕೇ ಪೋಸ್ಟಿಗೆ ಹೋಗಿ ಲಕೋಟೆ ತಂದು ಬರೆಯುತ್ತಿದ್ದೇನೆ. ಇದನ್ನು ಹರಿದು ಒಗೆಯುವ ಮೊದಲು ಒಮ್ಮೆ ಓದು.

ನಡೆದದ್ದು ಇಷ್ಟೇ. ನಮ್ಮ ಸ್ತ್ರೀ ಸಂಘದ ಬುಧವಾರದ ಕೂಟದಲ್ಲಿ ಕೊನೆಗೆ ಒಬ್ಬೊಬ್ಬರೂ ಒಂದು ಪ್ರಾರ್ಥನಾ ವಿಷಯ ಹೇಳಬೇಕು, ಉಳಿದವರು ಅದಕ್ಕಾಗಿ ಪ್ರಾರ್ಥಿಸಬೇಕು. ಈ ಪದ್ಧತಿ ನಿಮ್ಮ ಸಭೆಯಲ್ಲೂ ಇದೆ. ದೀನವ್ವ ಮೊಣಕಾಲು ನೋವು ಅಂದಳು. ಇನ್ನೊಬ್ಬಾಕೆ ಮಗನ ಪರೀಕ್ಷೆ ಅಂದಳು. ಕೂಟ ನಡೆಸುವವಳು ನಾನು, ನನ್ನ ಸರದಿ ಕೊನೆಗೆ. ಈಸ್ಟರಿಗೆ ನಿಮ್ಮಲ್ಲಿಗೆ ಬಂದಾಗ ಅಡಿಗೆಮನೆಯಲ್ಲಿ ನೀನು ಹೇಳಿದ ಮಾತು ಆಗಿನಿಂದ ನನ್ನ ಎದೆಯ ಮೇಲೆ ಕೂತಿತ್ತು. ಶುಭ ಶುಕ್ರವಾರದ ಆರಾಧನೆಗೆ ಹಾಡಿ ಮನೆಗೆ ಬಂದ ಮಿತ್ರಣ್ಣ, "ಸಲೋಮಿ, ನಾ ಹಾಡತೇನಿ ಖರೆ, ಆದ್ರ ಆ ಕಡೆ ಯಾರರ ಕೇಳಾಕತ್ತಾರಂತ ನನಗ ಈಗ ಅನಸಂಗಿಲ್ಲ" ಅಂದನಂತಲ್ಲ, ಆ ಮಾತು. ನಿನ್ನನ್ನು ಮದುವೆಯಾದಾಗಿನಿಂದ ಸಭೆಗೆ ಹಾರ್ಮೋನಿಯಂ ಪೇಟಿ ನುಡಿಸಿ ಹಾಡು ಹೇಳಿಕೊಟ್ಟ ಮನುಷ್ಯ! ನನಗೆ ಹೆದರಿಕೆಯಾಯಿತು. "ಕುಂದಗೋಳದ ಸಹೋದರ ದೇವಮಿತ್ರ ಅವರ ವಿಶ್ವಾಸ ಬತ್ತಿಹೋಗಿದೆ, ಭಾರದಿಂದ ಪ್ರಾರ್ಥಿಸಿರಿ" ಅಂದೆ. ಪ್ರೀತಿಯಿಂದಲೇ ಅಂದೆ. ಯಾರೋ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ನನ್ನ ತಪ್ಪೇ?

ಯಾರ ಮುಂದೂ ಅನ್ನಬೇಡ ಎಂದು ನೀನು ಹೇಳಿದ್ದೆ, ನೆನಪಿದೆ. ದೇವರ ಮುಂದೆ ಅನ್ನಬೇಡ ಎಂದಿರಲಿಲ್ಲವಲ್ಲ.

ನಿನ್ನ ಗೆಳತಿ,
ಪ್ರಿಸ್ಕಿಲ್ಲಾ

•

ಕುಂದಗೋಳ
೯ ಜೂನ್ ೨೦೨೪

ಪ್ರಿಸ್ಕಿಲ್ಲಾ,

ನಿನ್ನ ಪತ್ರ ಬಂತು. ಹರಿಯಲಿಲ್ಲ. ದೇವರ ಮುಂದೆ ಅನ್ನುವುದಕ್ಕೆ ಅಷ್ಟು ಮಂದಿ ಹೆಂಗಸರು ಯಾಕೆ ಬೇಕಾಗಿತ್ತು? ಅಷ್ಟು ಹೇಳಿದರೆ ಸಾಕು.

ನಿನ್ನ ಮಾತು ನವಲಗುಂದ, ಹುಬ್ಬಳ್ಳಿ ಎಲ್ಲ ಸುತ್ತಿ ಭಾನುವಾರದೊಳಗೆ ನಮ್ಮ ಮನೆಯ ಹೊಸ್ತಿಲಿಗೇ ಬಂತು. ನಮ್ಮ ಪಾದ್ರಿ ಅಯ್ಯನವರು ಮತ್ತು ಸಭೆಯ ಹಿರಿಯರು ಕೂಡಿ ಬಂದರು. ಬಸ್‌ಸ್ಟ್ಯಾಂಡಿನ ಬಾಜೂ ಇರುವ ನಮ್ಮ ಹೊಲಿಗೆ ಅಂಗಡಿ ನಿನಗೆ ಗೊತ್ತಲ್ಲ, ಅಲ್ಲಿಗೇ ಬಂದರು. ಇವರು ಒಂದು ಜಂಪರಿಗೆ ತೋಳು ಹಚ್ಚುತ್ತಿದ್ದರು. "ಮಂದಿ ಅನ್ನಾಕತ್ತಿದ್ದು ಖರೇ ಏನ್ರಿ ದೇವಮಿತ್ರ?" ಎಂದು ಅಯ್ಯನವರು ಕೇಳಿದರು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಇವರು ಮಷಿನ್ ನಿಲ್ಲಿಸಿ, "ಹೌದ್ರಿ" ಅಂದರು.

ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ, "ಸ್ವಲ್ಪ ದಿನ ವಿಶ್ರಾಂತಿ ತಗೋರಿ. ನಂಬಿಕಿ ಇಲ್ದವರು ಹಾಡಿಸಿದ್ರ ಸಭಾಕ್ಕ ಚೊಲೋ ಅಲ್ಲ" ಎಂದು ಪೇಟಿಯ ಕೀಲಿ ಇಸಿದುಕೊಂಡು ಹೋದರು. ಅಂದಿನಿಂದ ನಾವು ಹಿಂದಿನ ಸಾಲಿನಲ್ಲಿ ಕೂಡುತ್ತೇವೆ.

ಇವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ ಇದೆ. ಅವರೆಲ್ಲ ಹೋದ ಮೇಲೆ ಇವರು ನನ್ನ ಮುಖ ನೋಡಿ, "ನಾ ನಿನಗ ಒಬ್ಬಾಕಿಗೇ ಹೇಳಿದ್ದೆ" ಅಂದರು. ಮೊದಲು ಬಾಯಿಬಿಟ್ಟವಳು ನಾನೇ, ನೀನು ಆಮೇಲೆ. ಬೇಕಾದರೆ ಪತ್ರ ಬರಿ. ಫೋನು ಎತ್ತುವುದಿಲ್ಲ.

ಸಲೋಮಿ

•

ಅಣ್ಣಿಗೇರಿ
೧೪ ಜುಲೈ ೨೦೨೪

ಪ್ರಿಯ ಸಲೋಮಿ,

ನಿನ್ನ ಪತ್ರ ಓದಿ ಬಹಳ ದಿನ ಉತ್ತರ ಬರೆಯಲು ಧೈರ್ಯವಾಗಲಿಲ್ಲ. ತಪ್ಪು ನನ್ನದೇ. ನೀನು ಅನ್ನುವ ಮೊದಲೇ ಒಪ್ಪಿಕೊಳ್ಳಬೇಕಿತ್ತು.

ಈಗ ಒಂದು ನಿರ್ಧಾರ ಮಾಡಿದ್ದೇನೆ. ಮುಂದಿನ ತಿಂಗಳ ಮೊದಲ ಭಾನುವಾರ ನಿಮ್ಮಲ್ಲಿ ಕರ್ತನ ಭೋಜನ ಇರುತ್ತದಲ್ಲ, ಆವತ್ತು ಬರುತ್ತೇನೆ. ಭೋಜನಕ್ಕೆ ಮೊದಲು ಅಯ್ಯನವರ ಅಪ್ಪಣೆ ಕೇಳಿ, ಎದ್ದು ನಿಂತು, ಇಡೀ ಸಭೆಯ ಎದುರು ನನ್ನ ತಪ್ಪನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮಿತ್ರಣ್ಣನ ಕಾಲು ಹಿಡಿ ಅಂದರೂ ಹಿಡಿಯುತ್ತೇನೆ. ಜನ ಏನಾದರೂ ಅನ್ನಲಿ, ಕಣ್ಣೀರು ಬಂದರೆ ಬರಲಿ. ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಕೂಡಿಸಿಟ್ಟಿದ್ದೇನೆ, ಒಂದೆರಡು ಸಲ ಹೇಳಿಯೂ ನೋಡಿದೆ. ಬಿಳಿ ಸೀರೆಯೇ ಉಟ್ಟುಕೊಂಡು ಬರುತ್ತೇನೆ, ಅಂಥ ದಿನಕ್ಕೆ ಅದೇ ಸರಿ.

ಬರಲೇ? ಎರಡು ಸಾಲು ಬರೆದರೆ ಸಾಕು.

ನಿನ್ನ
ಪ್ರಿಸ್ಕಿಲ್ಲಾ

•

ಕುಂದಗೋಳ
೨೫ ಜುಲೈ ೨೦೨೪

ಪ್ರಿಸ್ಕಿಲ್ಲಾ,

ಬರಬೇಡ.

ಬಿಳಿ ಸೀರೆ ಅನ್ನುವಲ್ಲಿಗೆ ಬಂದಾಗ ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕೆ, ಅದಕ್ಕಾದರೂ ನಿನಗೆ ಥ್ಯಾಂಕ್ಸ್ ಹೇಳಬೇಕು. ಏ ಖೋಡಿ, ಆವತ್ತು ಅಣ್ಣಿಗೇರಿಯಲ್ಲಿ ನೀನು ನಿಂತು ಮಾತಾಡಿದೆ, ಎಲ್ಲರೂ ಕೇಳಿದರು. ಈಗ ಕುಂದಗೋಳಕ್ಕೆ ಬಂದು ಮತ್ತೆ ನೀನೇ ನಿಂತು ಮಾತಾಡುತ್ತೀ, ಮತ್ತೆ ಎಲ್ಲರೂ ಕೇಳುತ್ತಾರೆ. ಇವರು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ, ಅಷ್ಟೇ. ಭೋಜನ ಮುಗಿದ ಮೇಲೆ ಹೆಂಗಸರು ನಿನ್ನ ಕೈ ಹಿಡಿದು, "ಎಂಥಾ ದೊಡ್ಡ ಮನಸು ಅಕ್ಕಾರ ನಿಮ್ದು" ಅನ್ನುತ್ತಾರೆ. ಅದು ನನಗೆ ಬೇಡ.

ಇಲ್ಲಿಯ ಸುದ್ದಿ ಕೇಳು. ಹಾಡಿಸುವುದಕ್ಕೆ ಒಬ್ಬ ಹೊಸಬ ಬಂದಿದ್ದಾನೆ, ಕೀಬೋರ್ಡ್ ತಂದಿದ್ದಾನೆ. ಗುಂಡಿ ಒತ್ತಿದರೆ ಡೋಲು ತಾನೇ ಬಡಿದುಕೊಳ್ಳುತ್ತದೆ. ಮುದುಕರಿಗೆ ಹಾಡು ಹಿಡಿಯಲು ಆಗುವುದಿಲ್ಲ, ಬಾಯಿ ಆಡಿಸುತ್ತ ನಿಲ್ಲುತ್ತಾರೆ.

ಇವರೇನು ಹಾಡು ಬಿಟ್ಟಿಲ್ಲ. ಅಂಗಡಿಯಲ್ಲಿ ಮಷಿನ್ ತುಳಿಯುತ್ತ ಮೊದಲಿಗಿಂತ ಜೋರಾಗಿ ಹಾಡುತ್ತಾರೆ, ಅದೂ ಸಭೆಯ ಹಾಡುಗಳನ್ನೇ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಯಾರೂ ಕೇಳಂಗಿಲ್ಲಂತೀರಿ, ಮತ್ತ್ಯಾಕ ಹಾಡತೀರಿ?" ಸೂಜಿಗೆ ದಾರ ಪೋಣಿಸುತ್ತ, "ಹಾಡು ಖರೆ ಐತಿ. ಅದರಾಗ ಸುಳ್ಳಿಲ್ಲ" ಅಂದರು. ಆವತ್ತು ಖಾದರಬಿ ಅಳತೆ ಕೊಡಲು ಬಂದಿದ್ದಳು. ಅಳತೆ ಆದ ಮೇಲೂ ಸ್ಟೂಲಿನ ಮೇಲೆ ಕೂತೇ ಇದ್ದಳು. "ನಿಮ್ಮ ಚರ್ಚಿನ್ಯಾಗ ಬ್ಯಾಡಾದ್ರ ಇಲ್ಲೇ ಹಾಡ್ರಿ ಟೇಲರ್. ನಮಗೇನ್ ತಕರಾರಿಲ್ಲ" ಅಂದಳು. ಇವರು ನಕ್ಕು ಇನ್ನೊಂದು ನುಡಿ ಹಾಡಿದರು.

ಅಷ್ಟಾದರೂ ಭಾನುವಾರ ಬಂದರೆ ಅವರ ಕೈಬೆರಳು ತೊಡೆಯ ಮೇಲೆ ಪೇಟಿಯ ಸ್ವರದ ಮನೆ ಹುಡುಕುತ್ತಿರುತ್ತವೆ. ಅದನ್ನು ನೋಡಲಾರೆ.

ಸಲೋಮಿ

•

ಅಣ್ಣಿಗೇರಿ
೨೯ ಸೆಪ್ಟೆಂಬರ್ ೨೦೨೪

ಸಲೋಮಿ,

ನೀನು ಬರೆದದ್ದು ಮೊದಲು ಬಹಳ ಚುಚ್ಚಿತು. ಎರಡು ತಿಂಗಳು ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಕ್ಷಮೆ ಕೇಳಲು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿದಳಲ್ಲ, ಇವಳೆಂಥ ಕ್ರೈಸ್ತಳು ಅಂದುಕೊಂಡೆ.

ಹೋದ ಬುಧವಾರ ನಮ್ಮ ಕೂಟದಲ್ಲಿ ಒಬ್ಬಾಕೆ ತನ್ನ ನಾದಿನಿಯ ಸಂಸಾರದ ವಿಷಯ ಪ್ರಾರ್ಥನೆಗೆ ಇಟ್ಟಳು. ಗಂಡ ಬಿಟ್ಟಿದ್ದಾನೆ, ಇನ್ನೊಬ್ಬಳ ಜೊತೆ ಇದ್ದಾನೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಹೇಳುತ್ತಿರುವಾಗ ನಾನು ಉಳಿದವರ ಮುಖ ನೋಡಿದೆ. ಎಲ್ಲರೂ ಮುಂದಕ್ಕೆ ಬಾಗಿದ್ದರು. ಕಣ್ಣು ಮುಚ್ಚಿದವರೂ ಕಿವಿ ಕೊಟ್ಟಿದ್ದರು. ಹೇಳುವವಳ ದನಿ ಅಳುವಂತಿತ್ತು, ಮುಖ ಮಾತ್ರ ಅರಳಿತ್ತು. ಅಯ್ಯೋ, ಇದು ನನ್ನ ಮುಖ ಅನ್ನಿಸಿತು.

ಆವತ್ತು ನಾನು ಮಿತ್ರಣ್ಣನ ಹೆಸರು ಹೇಳಿದಾಗ ಕೋಣೆಯೆಲ್ಲ ಗಪ್ಪಾಗಿತ್ತು. ದೀನವ್ವನ ಮೊಣಕಾಲಿಗೆ ಯಾರೂ ಹಾಗೆ ಗಪ್ಪಾಗಿರಲಿಲ್ಲ. ಕೂಟ ಮುಗಿದ ಮೇಲೆ ಎಲ್ಲರೂ ಚಹಾ ಹಿಡಿದುಕೊಂಡು ನನ್ನ ಸುತ್ತ ನಿಂತರು. ಹೆದರಿಕೆಯಾಯಿತು ಎಂದು ನಿನಗೆ ಬರೆದಿದ್ದೆ. ಹೆದರಿಕೆಯಾಗಿರಲಿಲ್ಲ, ಖುಷಿಯಾಗಿತ್ತು.

ಇನ್ನೂ ಒಂದಿದೆ. ನಿಮ್ಮ ಮನೆಯಲ್ಲಿ ಯಾವಾಗ ಬಂದರೂ ಹಾಡು, ನಮ್ಮ ಮನೆಯಲ್ಲಿ ಟೀವಿ. ನಮ್ಮ ಯಜಮಾನರು ನಿದ್ದೆಯಲ್ಲೂ ನನ್ನ ಕೂಡ ಮಾತಾಡುವುದಿಲ್ಲ. ಹಾಡುತ್ತ ಹೊಲಿಯುವ ಗಂಡನನ್ನು ದೇವರು ನಿನಗೆ ಕೊಟ್ಟ, ಅದರ ಮೇಲೆ ಅವನಿಗೆ ನಂಬಿಕೆಯೂ ಇತ್ತು. ಅದರಲ್ಲಿ ಒಂದು ಹೋಯಿತು ಎಂದು ಕೇಳಿದಾಗ ನನಗೆ ಅಷ್ಟೇನೂ ದುಃಖವಾಗಲಿಲ್ಲ.

ಕೊನೆಯದು. ಇಷ್ಟು ಮಂದಿಗೆ ಪ್ರಾರ್ಥಿಸಿರಿ ಎಂದೆನಲ್ಲ, ನಾನು ಪ್ರಾರ್ಥಿಸಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದೆ.

ಇದನ್ನು ಎಲ್ಲಿಯೂ ನಿಂತು ಹೇಳುವುದಿಲ್ಲ. ನಿನಗೆ ಬರೆದಿದ್ದೇನೆ, ಅಷ್ಟೇ. ಉತ್ತರ ಬರೆಯಲೇಬೇಕೆಂದೇನಿಲ್ಲ.

ಪ್ರಿಸ್ಕಿಲ್ಲಾ

•

ಕುಂದಗೋಳ
೧೭ ನವೆಂಬರ್ ೨೦೨೪

ಪ್ರಿಸ್ಕಿ,

ನಿನ್ನ ಪತ್ರವನ್ನು ಹಲವು ಸಲ ಓದಿದೆ. ಯಾರಿಗೂ ತೋರಿಸಿಲ್ಲ. ಅದರ ಬಗ್ಗೆ ಏನೂ ಬರೆಯುವುದಿಲ್ಲ, ನನ್ನ ಸಿಟ್ಟು ಅರ್ಧ ಇಳಿದಿದೆ ಎಂದು ತಿಳಿದುಕೋ. ಈಗ ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ, ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಡಿಸೆಂಬರ್ ಒಂದನೇ ತಾರೀಖು ನಮ್ಮ ಸಭೆಯ ಸುಗ್ಗಿ ಹಬ್ಬ. ಜನ ಹೊಲದ ಮೊದಲ ಬೆಳೆ ತಂದು ಬಲಿಪೀಠದ ಮುಂದೆ ಇಡುವ ದಿನ. ಆ ಹಬ್ಬದ ಹಳೇ ಹಾಡುಗಳು ಕೀಬೋರ್ಡಿನ ಹುಡುಗನಿಗೆ ಬರುವುದಿಲ್ಲ, ಇವರಿಗೆ ಮಾತ್ರ ಬರುತ್ತವೆ. ಸಭೆಯವರೇ ಗುಣುಗುಣು ಅನ್ನತೊಡಗಿದರು. ಮೊನ್ನೆ ಅಯ್ಯನವರು ಒಬ್ಬರೇ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಚಹಾ ಕುಡಿದು, "ಹಬ್ಬದ ದಿನ ನಿಂತು ನಾಕ್ ಮಾತು ಸಾಕ್ಷಿ ಹೇಳ್ರಿ. ಅಣ್ಣಿಗೇರಿ ಸಹೋದರಿಯರ ಪ್ರಾರ್ಥನಾ ಕೇಳಿ ಕರ್ತನು ನನ್ನನ್ನ ತಿರುಗಿ ಎಬ್ಬಿಸಿದ ಅನ್ರಿ. ಹಿರಿಯರಿಗೂ ಸಮಾಧಾನ ಆಕ್ಕೈತಿ, ನಿಮಗೂ ಪೇಟಿ ಸಿಗತೈತಿ" ಅಂದರು.

"ಸುಳ್ಳ ಆಕ್ಕೈತಲ್ರಿ ಅಯ್ಯನವರ" ಅಂದರು ಇವರು.

"ಬಾಯಿಲೆ ಅಂದ್ರ ಮನಸಿಗೂ ಬರತೈತ್ರಿ. ಎಷ್ಟೋ ಮಂದಿಗೆ ಹಂಗ ಬಂದೈತಿ."

ಇವರು ಆಗುವುದಿಲ್ಲ ಅಂದರು. ಅಯ್ಯನವರು ಹೋದ ಮೇಲೆ ಹಟ ಹಿಡಿದವಳು ನಾನು. "ನಿಮಗ ನಂಬಿಕಿನ ಇಲ್ಲಂದಮ್ಯಾಲೆ ಸುಳ್ಳ ಹೇಳಾಕ ಹೆದರಿಕಿ ಯಾಕ? ಯಾರು ಕೇಳಾಕ ಅದಾರ?" ಅಂದುಬಿಟ್ಟೆ. ಅವರು ನನ್ನನ್ನು ಹೇಗೆ ನೋಡಿದರೆಂದು ಬರೆಯಲಾರೆ. ಆದರೂ ನಿಲ್ಲಿಸಲಿಲ್ಲ. ದಿನಾ ಅದೇ ರಾಗ ತೆಗೆಯುತ್ತಿದ್ದೇನೆ. ನನ್ನ ಸಲುವಾಗಿ ಅನ್ನಿರಿ, ಅನ್ನುತ್ತೇನೆ.

ಅವರ ಸಂತೋಷಕ್ಕಾಗಿ ಹಟ ಹಿಡಿದಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿನ್ನ ಪತ್ರ ಓದಿದ ಮೇಲೆ ಹಾಗೆ ಹೇಳಿಕೊಳ್ಳುವುದು ಕಷ್ಟವಾಗಿದೆ. ಹಿಂದಿನ ಸಾಲಿನಲ್ಲಿ ಕೂತರೆ ಎಲ್ಲರ ಹೆರಳು ಕಾಣುತ್ತವೆ, ಯಾರ ಮುಖವೂ ಕಾಣುವುದಿಲ್ಲ. ಮುಂದಿನ ಸಾಲು ಬೇಕಾಗಿದೆ ನನಗೆ. ಹೌದು, ಬೇಕಾಗಿದೆ.

ನೀನು ಏನು ಅನ್ನುತ್ತೀ? ಹಬ್ಬದ ಮೊದಲು ಬರಿ.

ನಿನ್ನ ಸಲೋಮಿ

•

ಅಣ್ಣಿಗೇರಿ
೩೦ ನವೆಂಬರ್ ೨೦೨೪

ಸಲೋಮಿ,

ಹಿರಿಮಗಳ ಹೆರಿಗೆಗೆಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ. ಬಾಣಂತಿಯನ್ನು ಕರೆದುಕೊಂಡು ಇವತ್ತು ಮನೆಗೆ ಬಂದು ನಿನ್ನ ಪತ್ರ ನೋಡಿದೆ. ನಾಳೆಯೇ ಹಬ್ಬ.

ಹೇಳಿಸಬೇಡ. ಕೈ ಮುಗಿಯುತ್ತೇನೆ, ಹೇಳಿಸಬೇಡ. ಮಿತ್ರಣ್ಣನ ಹತ್ತಿರ ಉಳಿದದ್ದು ಅದೊಂದೇ: ಇಲ್ಲದ್ದನ್ನು ಇದೆ ಅನ್ನಲಿಲ್ಲ.

ಈ ಪತ್ರ ನಿನ್ನ ಕೈಗೆ ಮುಟ್ಟುವಾಗ ಹಬ್ಬ ಮುಗಿದಿರುತ್ತದೆ, ಗೊತ್ತು. ನನ್ನ ನಂಬರಿನಿಂದ ನಿನಗೆ ಫೋನು ಹತ್ತುವುದಿಲ್ಲ, ಮಗಳ ಫೋನು ಅಳಿಯನ ಹತ್ತಿರ ಉಳಿದಿದೆ, ಯಜಮಾನರು ಊರಲ್ಲಿಲ್ಲ. ಬಾಜೂ ಮನೆಯವರ ಫೋನು ಕೇಳಿದೆ, ಕೊಟ್ಟರು. ಆದರೆ ಕೊಟ್ಟಾಕೆ ಪಕ್ಕದಲ್ಲೇ ನಿಂತಳು, ಕದಲಲಿಲ್ಲ. ಅವಳ ಎದುರು ಮಿತ್ರಣ್ಣನ ಹೆಸರು ಎತ್ತಲು ನನ್ನಿಂದ ಆಗಲಿಲ್ಲ. ನಂಬರು ತಪ್ಪಿತು ಎಂದು ಫೋನು ತಿರುಗಿ ಕೊಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದು.

ಪ್ರಿಸ್ಕಿಲ್ಲಾ

•

ಕುಂದಗೋಳ
೧೫ ಡಿಸೆಂಬರ್ ೨೦೨೪

ಪ್ರಿಸ್ಕಿ,

ಮೊಮ್ಮಗು ಚೆನ್ನಾಗಿದೆಯೇ? ಗಂಡೋ ಹೆಣ್ಣೋ ಬರೆಯುವುದನ್ನೇ ಮರೆತಿದ್ದೀ.

ನಿನ್ನ ಪತ್ರ ಹಬ್ಬ ಆದ ಮೇಲೆ ಬಂತು. ಮೊದಲೇ ಬಂದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ಜೋಳದ ತೆನೆ, ಮೆಣಸಿನಕಾಯಿ, ಕುಂಬಳಕಾಯಿ, ಒಬ್ಬರ ಮನೆಯ ಎರಡು ಕೋಳಿ, ಎಲ್ಲ ಮುಂದೆ ಇಟ್ಟಿದ್ದರು. ಅಯ್ಯನವರು ಹೆಸರು ಕರೆದರು. ಇವರು ಎದ್ದು ಹೋಗಿ ನಿಂತರು. ಅಯ್ಯನವರು ಹೇಳಿಕೊಟ್ಟ ಮಾತನ್ನು ಹೇಳಿಕೊಟ್ಟ ಹಾಗೆಯೇ ಹೇಳಿದರು, ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಭೆಯೆಲ್ಲ ಆಮೆನ್ ಅಂದಿತು. ನಾನೂ ಅಂದೆ. ಹಿರಿಯರು ಕೀಲಿ ಕೊಟ್ಟರು. ಪೇಟಿ ತೆಗೆದು ಹಾಡಿದರು. ಶ್ರುತಿ ಒಂದೆಳೆ ಜಾರಲಿಲ್ಲ, ಮುದುಕರೆಲ್ಲ ಬಾಯಿ ತುಂಬ ಹಾಡಿದರು. ನನಗೆ ಅಳು ಬಂತು. ಬಾಜೂ ಕೂತವರು ಆನಂದದ ಕಣ್ಣೀರು ಅಂದುಕೊಂಡು ನನ್ನ ಬೆನ್ನು ಸವರಿದರು.

ಮನೆಗೆ ಬಂದು ಅಂಗಿ ಬದಲಿಸಿ, "ಆತೇನು?" ಎಂದು ಕೇಳಿದರು. ಸಿಟ್ಟಿನಿಂದಲ್ಲ. ಸಾಮಾನು ತಂದುಕೊಟ್ಟು ಕೇಳುವ ಹಾಗೆ.

ಎರಡು ವಾರವಾಯಿತು. ಭಾನುವಾರ ಸಭೆಯಲ್ಲಿ ಹಾಡುತ್ತಾರೆ, ಕರೆದ ಮನೆಗಳಿಗೂ ಹೋಗಿ ಹಾಡುತ್ತಾರೆ. ಅಂಗಡಿಯಲ್ಲಿ ಮಾತ್ರ ಬರೀ ಮಷಿನ್ ಸದ್ದು. ಮನೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ನಿನ್ನೆ ಸುಮ್ಮನೆ ಒಂದು ಹಾಡಿನ ಮೊದಲ ಸಾಲು ನಾನೇ ಅಂದೆ, ಮುಂದಿನದು ಅವರು ಹಿಡಿಯಲಿ ಎಂದು. "ಅದು ಐತವಾರದ ಹಾಡು" ಅಂದು ಕತ್ತರಿ ಹುಡುಕಲು ಎದ್ದರು.

ನಾನು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದೇನೆ. ನಂಬಿಕೆ ಹೋಯಿತು ಎಂದು ಹೇಳಿದ ದಿನವೂ ಈ ಮನುಷ್ಯ ನನ್ನವನಾಗಿದ್ದ. ಈಗ ಮನೆಯಲ್ಲಿ ಯಾರಿದ್ದಾರೋ ತಿಳಿಯುತ್ತಿಲ್ಲ.

ಇದನ್ನು ನಿನಗೆ ಯಾವ ಧೈರ್ಯದಿಂದ ಬರೆಯುತ್ತಿದ್ದೇನೆ ಎಂದು ಯೋಚಿಸಿದೆ. ಬರೆಯದೆ ಇರಲು ಆಗಲಿಲ್ಲ. ಸಾಕ್ಷಿ ಸುಳ್ಳೆಂದು ಹೊರಗೆ ಬಿದ್ದರೆ ಈ ಸಲ ಹಿಂದಿನ ಸಾಲಿನಲ್ಲೂ ಜಾಗ ಇರುವುದಿಲ್ಲ. ಅದನ್ನು ನಿನಗೆ ಹೇಳಬೇಕಾಗಿಲ್ಲ.

ಸಲೋಮಿ

•

ಅಣ್ಣಿಗೇರಿ
೨೦ ಜನವರಿ ೨೦೨೫

ಸಲೋಮಿ,

ಹೆಣ್ಣು ಮಗು. ಗಟ್ಟಿಯಾಗಿದೆ, ಊರೆಲ್ಲ ಕೇಳುವ ಹಾಗೆ ಅಳುತ್ತದೆ.

ಮೊನ್ನೆ ಶನಿವಾರ ಹುಬ್ಬಳ್ಳಿಯಲ್ಲಿ ಎಲ್ಲ ಊರಿನ ಸ್ತ್ರೀ ಸಂಘಗಳ ಸಮ್ಮೇಳನ ಇತ್ತು. ನಿಮ್ಮ ಸಭೆಯವರೂ ಬಂದಿದ್ದರು, ನೀನು ಬಂದಿರಲಿಲ್ಲ, ಒಳ್ಳೆಯದಾಯಿತು. ಉತ್ತರ ಸಿಕ್ಕ ಪ್ರಾರ್ಥನೆಗಳು ಎಂದೇ ಒಂದು ಕಾರ್ಯಕ್ರಮ. ಮಿತ್ರಣ್ಣನ ಸಾಕ್ಷಿ ಅಲ್ಲಿಗೂ ಮುಟ್ಟಿತ್ತು, ಅಣ್ಣಿಗೇರಿಯ ಹೆಸರು ಕರೆದರು. ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ, ದೀನವ್ವ ಹಿಂದಿನಿಂದ ನೂಕಿಯೇಬಿಟ್ಟಳು.

ವೇದಿಕೆಯ ಮೇಲೆ ಮೈಕು ಕೈಗೆ ಕೊಟ್ಟರು. ಸಭಾಂಗಣ ಗಪ್ಪಾಯಿತು. ಆ ಗಪ್ಪು ನನಗೆ ಗೊತ್ತಿರುವುದೇ. ಖರೆ ಹೇಳಿದರೆ ಮಿತ್ರಣ್ಣನ ಕೈಯಿಂದ ಪೇಟಿ ಮತ್ತೆ ಹೋಗುತ್ತದೆ. ನನ್ನ ತಪ್ಪನ್ನಷ್ಟೇ ಹೇಳೋಣವೆಂದರೆ, ಹೇಳಿ ಇಳಿದ ಮೇಲೆ ನಾಲ್ಕು ಮಂದಿ ನನ್ನನ್ನು ತಬ್ಬಿಕೊಂಡು ಅಳುತ್ತಾರೆ, ಅದೂ ಗೊತ್ತಿರುವುದೇ. "ದೇವರಿಗೆ ಸ್ತೋತ್ರ" ಅಂದು ಮೈಕು ತಿರುಗಿ ಕೊಟ್ಟೆ.

ಬಿಡಲಿಲ್ಲ. ಕಾರ್ಯಕ್ರಮ ನಡೆಸುವಾಕೆ, "ಎಷ್ಟ ದಿನ ಉಪವಾಸ ಪ್ರಾರ್ಥನಾ ಮಾಡಿದ್ರಿ ಅಕ್ಕಾರ, ಎಲ್ಲಾರಿಗೂ ಹೇಳ್ರಿ" ಎಂದು ಮೈಕು ನನ್ನ ಬಾಯಿಗೇ ಹಿಡಿದಳು. "ನಾ ಒಂದ ದಿನಾನೂ ಮಾಡಿಲ್ರಿ" ಅಂದೆ. ಇಡೀ ದಿನ ನಾನಾಡಿದ ಖರೆ ಮಾತು ಅದೊಂದೇ. "ನೋಡ್ರಿ, ಎಂಥಾ ನಮ್ರತಾ!" ಅಂದಳು ಆಕೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಬೇಡ ಅನ್ನಬಹುದಿತ್ತು. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಹೊದ್ದುಕೊಂಡು ಮುಂದಿನ ಸಾಲಿನಲ್ಲಿ ಕಾರ್ಯಕ್ರಮ ಮುಗಿಯುವವರೆಗೆ ಕೂತೆ. ಊಟದ ಹೊತ್ತಿಗೆ ನಿಮ್ಮ ಸಭೆಯ ಹೆಂಗಸೊಬ್ಬಳು ಬಾಜೂ ಬಂದು ಕೂತು, ಪಿಸುದನಿಯಲ್ಲಿ, "ಅಕ್ಕಾರ, ನೀವು ಸಲೋಮಕ್ಕನ ಗೆಳತಿ, ನಿಮಗ ಗೊತ್ತಿರತೈತಿ. ದೇವಮಿತ್ರ ಅಣ್ಣಾರಿಗೆ ಖರೇನ ವಿಶ್ವಾಸ ತಿರುಗಿ ಬಂದೈತೇನ್ರಿ? ನಾವು ಪ್ರಾರ್ಥನಾ ಮಾಡಾಕ ಕೇಳಿದೆ, ಮತ್ತೇನಿಲ್ಲ" ಅಂದಳು. ಅವಳ ಕಣ್ಣು ಹೊಳೆಯುತ್ತಿದ್ದವು. ಸುತ್ತ ಕೂತವರ ಕೈಗಳೂ ಎಲೆಯ ಮೇಲೆ ನಿಂತವು.

ಬಾಯಿವರೆಗೆ ಬಂತು, ಸಲೋಮಿ. ಸುಳ್ಳು ಹೇಳುವುದಿಲ್ಲ, ಬಾಯಿವರೆಗೆ ಬಂತು.

"ನನಗ ಗೊತ್ತಿಲ್ಲವಾ" ಅಂದು ಅನ್ನ ಕಲಸಿಕೊಂಡು ಉಂಡೆ.

ಪ್ರಿಸ್ಕಿಲ್ಲಾ